ಎರಡು ಕಾಡು, ಒಂದೇ ಹಗ್ಗ

ನಗರದ ಕಾಡು ಮತ್ತು ನೈಸರ್ಗಿಕ ಕಾಡು ಎರಡರ ಜೀವವೈವಿಧ್ಯವನ್ನು ಶಾಲೆಯ ಮಕ್ಕಳೊಂದಿಗೆ ಹೋಲಿಸಲು ಹೊರಟ ಮೊದಲ ವರ್ಷ ನಾವು ಮಾಡಿದ್ದನ್ನು ಹೋಲಿಕೆ ಎನ್ನುವ ಹಾಗೇ ಇರಲಿಲ್ಲ. ನಗರದೊಳಗೆ ನೆಟ್ಟು ಬೆಳೆಸಿದ ಕಾಡಿಗೆ ಬೆಳಿಗ್ಗೆ ಆರಕ್ಕೇ ಹೋಗಿ ಮೂರು ತಾಸು ಓಡಾಡಿದೆವು. ನೈಸರ್ಗಿಕ ಕಾಡಿಗೆ ಹೋದದ್ದು ಎರಡು ವಾರ ಕಳೆದ ಮೇಲೆ. ತಲುಪುವಷ್ಟರಲ್ಲಿ ಹನ್ನೊಂದಾಗಿ, ಹಕ್ಕಿಗಳೆಲ್ಲ ನೆರಳು ಹಿಡಿದು ಸುಮ್ಮನಾಗಿದ್ದವು. ಒಂದು ತಾಸು ನೋಡಿ ಮರಳಿದೆವು. ತರಗತಿಯಲ್ಲಿ ಎರಡೂ ಪಟ್ಟಿ ಪಕ್ಕಪಕ್ಕ ಅಂಟಿಸಿದಾಗ ಒಬ್ಬ ಹುಡುಗಿ ಕೇಳಿದಳು: "ಸರ್, ಹಾಗಾದರೆ ನಗರದ ಕಾಡೇ ಜಾಸ್ತಿ ಶ್ರೀಮಂತ ಅಲ್ವಾ?" ಅವಳ ಮುಂದೆ ಇದ್ದ ಕಾಗದ ಹೇಳುತ್ತಿದ್ದದ್ದೂ ಅದನ್ನೇ. ತಪ್ಪು ನನ್ನ ಯೋಜನೆಯಲ್ಲಿತ್ತು. ಹೆಚ್ಚು ಹೊತ್ತು ಹುಡುಕಿದ ಕಡೆ ಹೆಚ್ಚು ಸಿಗುತ್ತದೆ, ಅಷ್ಟೇ.

ಮುಂದಿನ ವರ್ಷದಿಂದ ಒಂದು ಕಟ್ಟುಪಾಡು ಹಾಕಿಕೊಂಡೆವು. ಒಂದೇ ವಾರ, ಸೂರ್ಯೋದಯದ ನಂತರದ ಅದೇ ಹೊತ್ತು, ಅಷ್ಟೇ ಚೌಕಗಳು, ಅದೇ ಗುಂಪು, ಅದೇ ಹಗ್ಗ. 10 ಮೀಟರಿಗೊಂದು ಗಂಟು ಹಾಕಿದ 40 ಮೀಟರ್ ಹಗ್ಗ ಸುತ್ತ ಹಿಡಿದರೆ ಮರ ಎಣಿಸುವ ಚೌಕ ತಯಾರು. ಅದರ ಒಂದು ಮೂಲೆಯಲ್ಲಿ 5 ಮೀಟರಿನ ಚೌಕ ಪೊದೆಗಳಿಗೆ, ಅದರೊಳಗೆ 1 ಮೀಟರಿನದು ಹುಲ್ಲು, ಮೊಳಕೆ, ಸಸಿಗಳಿಗೆ. ಮರದ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ತೆಗೆಯಬೇಕು. ಮಕ್ಕಳ ಎತ್ತರ ಒಂದೊಂದು ಥರ ಇರುವುದರಿಂದ "ಎದೆಮಟ್ಟ" ಎಂದರೆ ಆಗುವುದಿಲ್ಲ, ಗುರುತು ಹಾಕಿದ ಕೋಲು ಕೊಟ್ಟುಬಿಡಿ.

ಚೌಕ ಎಲ್ಲಿ ಹಾಕಬೇಕೆಂಬ ವಿಷಯದಲ್ಲಿ ನಾನು ಬಹಳ ಹಟ ಹಿಡಿಯುತ್ತೇನೆ. ಬಿಟ್ಟರೆ ಮಕ್ಕಳು ಚೆಂದದ ಮರದ ಬುಡಕ್ಕೇ ಹೋಗುತ್ತಾರೆ, ದೊಡ್ಡವರೂ ಹಾಗೇ ಮಾಡುತ್ತಾರೆ. ಹಾಗಾಗಿ ನಕ್ಷೆಯ ಮೇಲೆ ಅಡ್ಡ-ಉದ್ದ ಗೆರೆ ಎಳೆದು, ನಡುವಿನ ಚೌಕಮನೆಗಳಿಗೆ ಅಂಕಿ ಕೊಟ್ಟು, ಚೀಟಿ ಎತ್ತಿಸುತ್ತೇನೆ. ಮುಳ್ಳುಪೊದೆಗೆ ಚೀಟಿ ಬಂದರೆ ಮುಳ್ಳುಪೊದೆಯೇ. ಅಂಚಿನ ಪ್ರಭಾವ ತಪ್ಪಿಸಲು ಗಡಿಯಿಂದ ಕನಿಷ್ಠ 50 ಮೀಟರ್ ಒಳಕ್ಕೆ ಹೋದ ಮೇಲೆಯೇ ಚೌಕ ಹಾಕೋಣ ಎಂದು ತೀರ್ಮಾನಿಸಿದ್ದೆವು. ದೊಡ್ಡ ಕಾಡಿನಲ್ಲಿ ಅದು ಸುಲಭವಾಯಿತು. ನಗರದ ಕಾಡಿನ ನಕ್ಷೆಯಲ್ಲಿ ಆ ಗೆರೆ ಎಳೆದಾಗ ನಡುವೆ ಉಳಿದದ್ದು ಒಂದು ಪುಟ್ಟ ತುಣುಕು. ಎಲ್ಲ ಕಡೆಯಿಂದಲೂ ಬಿಸಿಲು, ಗಾಳಿ, ಸದ್ದು ನುಗ್ಗುವ ಕಾಡು ಅದು, ಹೆಚ್ಚುಕಡಿಮೆ ಪೂರ್ತಿ ಅಂಚೇ. ಒಂದು ಗಿಡವನ್ನೂ ಎಣಿಸುವ ಮೊದಲೇ ನಮಗೆ ಸಿಕ್ಕ ಮೊದಲ ಫಲಿತಾಂಶ ಇದು.

ಹೆಸರು ಗೊತ್ತಿಲ್ಲವೆಂದು ಯಾರೂ ಹಿಂಜರಿಯಬೇಕಿಲ್ಲ. "ಗಿಡ-1", "ಗಿಡ-2" ಎಂದು ಗುರುತು ಕೊಟ್ಟು, ಚಿತ್ರ ಬರೆದು, ಫೋಟೋ ತೆಗೆದರೆ ಎಣಿಕೆಗೆ ಸಾಕು. ಹೆಸರನ್ನು ಆಮೇಲೆ ಬಲ್ಲವರಲ್ಲಿ ಕೇಳಿಕೊಳ್ಳಬಹುದು. ಆದರೆ ಗುರುತಿನ ಪುಸ್ತಕ ಒಂದೇ ಇರಲಿ, ಒಬ್ಬರ ಕೈಯಲ್ಲೇ ಇರಲಿ. ನಮ್ಮಲ್ಲಿ ಎರಡು ಗುಂಪುಗಳು ಒಂದೇ ಮರದ ಎಳೆಸಸಿಗೂ ಬೆಳೆದ ಮರಕ್ಕೂ ಬೇರೆಬೇರೆ ಅಂಕಿ ಕೊಟ್ಟು, ಇಲ್ಲದ ಪ್ರಭೇದವೊಂದನ್ನು ಹುಟ್ಟಿಸಿದ್ದವು. ಎಳೆಯದರಲ್ಲಿ ಎಲೆಯ ಆಕಾರವೇ ಬೇರೆ ಇರುವ ಮರಗಳು ಎಷ್ಟೋ ಇವೆ.

ಕಟ್ಟುಪಾಡು ಸರಿಪಡಿಸಿದ ಮೇಲೂ ಮರಗಳ ಪ್ರಭೇದದ ಸಂಖ್ಯೆಯಲ್ಲಿ ನಗರದ ಕಾಡೇ ಮುಂದಿತ್ತು! ಈ ಸಲ ಎಣಿಕೆ ತಪ್ಪಿರಲಿಲ್ಲ. ನೆಡುವವರು ಒಂದೊಂದು ಬಗೆಯನ್ನೂ ಆರಿಸಿ ನೆಟ್ಟಿರುತ್ತಾರೆ, ಹೂವಿಗೊಂದು, ನೆರಳಿಗೊಂದು, ದೂರದ ನಾಡಿನಿಂದ ತಂದದ್ದೊಂದು. ಮಕ್ಕಳಿಗೆ ಉತ್ತರ ಹೇಳಿಬಿಡುವ ಬದಲು ಒಂದು ಕೆಲಸ ಕೊಟ್ಟೆ: "ಈ ಮರಗಳ ಮಕ್ಕಳು ಎಲ್ಲಿದ್ದಾರೆ, ಹುಡುಕಿ." 1 ಮೀಟರಿನ ಚೌಕಗಳ ಹಾಳೆ ತೆಗೆದು ನೋಡಿದರೆ ನೈಸರ್ಗಿಕ ಕಾಡಿನಲ್ಲಿ ಬೆರಳುದ್ದದ ಮೊಳಕೆಯಿಂದ ಮೊಣಕಾಲೆತ್ತರದ ಸಸಿಯವರೆಗೆ ಎಲ್ಲವೂ ಇದ್ದವು. ನಗರದ ಕಾಡಿನಲ್ಲಿ ಬಹುಪಾಲು ದೊಡ್ಡ ಮರಗಳಿಗೆ ಒಂದು ಸಸಿಯೂ ಇರಲಿಲ್ಲ. ಇದ್ದ ಸಸಿಗಳೂ ಎಲ್ಲಿ ಬೇಕಾದರೂ ಹಬ್ಬುವ ಒಂದೆರಡು ಬಗೆಯವು. ಯಾವ ಸುತ್ತಳತೆಯ ಮರಗಳು ಎಷ್ಟಿವೆ ಎಂದು ಕಂಬನಕ್ಷೆ ಬರೆದಾಗ ಚಿತ್ರ ಇನ್ನೂ ಸ್ಪಷ್ಟವಾಯಿತು. ನೈಸರ್ಗಿಕ ಕಾಡಿನದು ತೆಳು ಮರಗಳ ಎತ್ತರದ ಕಂಬದಿಂದ ದಪ್ಪ ಮರಗಳ ಗಿಡ್ಡ ಕಂಬದ ಕಡೆಗೆ ಇಳಿಜಾರು. ನಗರದ್ದು ನಡುವೆ ಒಂದೇ ಗುಡ್ಡ. ಒಂದೇ ಕಾಲದಲ್ಲಿ ನೆಟ್ಟ ಮರಗಳು ಒಟ್ಟಿಗೇ ವಯಸ್ಸಾಗುತ್ತಿದ್ದವು.

ತರಗೆಲೆಯ ಕೆಲಸಕ್ಕೆ ನಾನು ಇಡೀ ದಿನ ಮೀಸಲಿಡುತ್ತೇನೆ, ಮಕ್ಕಳು ಅತ್ಯಂತ ತನ್ಮಯರಾಗುವುದು ಅಲ್ಲಿಯೇ. 25 ಸೆಂಟಿಮೀಟರ್ ಚೌಕದೊಳಗಿನ ತರಗೆಲೆಯನ್ನೂ ಅದರಡಿಯ ಪುಡಿಮಣ್ಣನ್ನೂ ಚೀಲಕ್ಕೆ ತುಂಬಿ ತರುತ್ತೇವೆ. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ ತಲೆಕೆಳಗಾಗಿಟ್ಟು, ಒಳಗೆ ಬಲೆ ಹಾಸಿ, ಮೇಲೆ ಬಲ್ಬು ಉರಿಸಿದರೆ ಆಲಿಕೆ ಸಿದ್ಧ. ಬಿಸಿ, ಬೆಳಕು, ಒಣಗುವಿಕೆ ತಾಳಲಾರದೆ ಜೀವಿಗಳು ಕೆಳಗಿಳಿದು ಡಬ್ಬಿಗೆ ಬೀಳುತ್ತವೆ. ಇಟಲಿಯ ಕೀಟವಿಜ್ಞಾನಿ ಬೆರ್ಲೀಸ್ 1905ರಲ್ಲಿ ಇಂಥ ಆಲಿಕೆಯನ್ನು ಬಿಸಿನೀರಿನ ಶಾಖದಿಂದ ನಡೆಸಿದ್ದರು. ಸ್ವೀಡನ್ನಿನ ಟುಲ್‌ಗ್ರೆನ್ 1918ರಲ್ಲಿ ಬಲ್ಬು ಬಳಸಿದರು. ಎಲ್ಇಡಿ ಬಲ್ಬು ಅಷ್ಟಾಗಿ ಕಾಯುವುದಿಲ್ಲ, ಹಳೆಯ ತಂತಿ ಬಲ್ಬೇ ಬೇಕು. ಡಬ್ಬಿಗೆ ಆಲ್ಕೋಹಾಲ್ ಹಾಕುವುದು ವಾಡಿಕೆ. ಒಬ್ಬ ಹುಡುಗ "ಎಣಿಸೋಕೆ ಸಾಯಿಸಲೇಬೇಕಾ ಸರ್?" ಎಂದ ಮೇಲೆ ಒದ್ದೆ ಕಾಗದ ಹಾಸಲು ಶುರುಮಾಡಿದೆವು. ಆಗಾಗ ನೋಡಿ ಎಣಿಸಬೇಕು, ಇಲ್ಲದಿದ್ದರೆ ಶತಪದಿ, ಜೇಡಗಳು ಉಳಿದವರನ್ನು ಮುಗಿಸಿರುತ್ತವೆ. ಎಣಿಸಿ ಮುಗಿದ ಮೇಲೆ ತಂದ ಜಾಗಕ್ಕೇ ಬಿಟ್ಟುಬರುತ್ತೇವೆ.

ಕಾಡಿನ ಒಂದೇ ಚೀಲದಲ್ಲಿ ಗೆದ್ದಲು, ಸಹಸ್ರಪದಿ, ಜೀರುಂಡೆಯ ಮರಿಗಳು, ಉಣ್ಣೆಯ ಬಳಗದ ಪುಟಾಣಿ ಮೈಟ್‌ಗಳು, ಹೊಟ್ಟೆಯಡಿಯ ಕವಲು ಚಿಮ್ಮಿಸಿ ಹಾರುವ ಸ್ಪ್ರಿಂಗ್‌ಟೇಲ್‌ಗಳು. ಭೂತಗನ್ನಡಿ ಬಿಟ್ಟು ಏಳಲು ಯಾರಿಗೂ ಮನಸ್ಸಿರಲಿಲ್ಲ. ನಗರದ ಒಂದು ಚೌಕದಲ್ಲಿ ಮಾತ್ರ ತರಗೆಲೆಯೇ ಇರಲಿಲ್ಲ, ಅಂದು ಬೆಳಿಗ್ಗೆ ಗುಡಿಸಿಹಾಕಿದ್ದರು. ಪಕ್ಕದಲ್ಲಿ ಎಲೆ ಇದ್ದ ಜಾಗಕ್ಕೆ ಹೋಗೋಣವೆಂದು ಗುಂಪು ಕೇಳಿತು. ನಾನು ಒಪ್ಪಲಿಲ್ಲ. ಸೊನ್ನೆ ಎಂದು ಬರೆಯಬೇಕು, ಸೊನ್ನೆಯೂ ದಾಖಲೆಯೇ. ಜಾಗ ಬದಲಿಸಿದ್ದರೆ ಗುಡಿಸುವಿಕೆ ಏನು ಮಾಡುತ್ತದೆಂಬ ಸಂಗತಿ ನಮ್ಮ ಹಾಳೆಯಿಂದಲೇ ಮಾಯವಾಗುತ್ತಿತ್ತು.

ಲೆಕ್ಕವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕಪ್ಪುಹಲಗೆಯ ಮೇಲೆ ಎರಡು ಕಾಲ್ಪನಿಕ ಕಾಡು ಬರೆಯುತ್ತೇನೆ. ಎರಡರಲ್ಲೂ 40 ಮರ, 4 ಪ್ರಭೇದ. ಒಂದರಲ್ಲಿ ತಲಾ 10. ಇನ್ನೊಂದರಲ್ಲಿ 37, 1, 1, 1. ಸಂಖ್ಯಾಶಾಸ್ತ್ರಜ್ಞ ಸಿಂಪ್ಸನ್ 1949ರಲ್ಲಿ ಕೊಟ್ಟ ವಿಧಾನವನ್ನು ಆಧರಿಸಿ, ಪ್ರತಿ ಪ್ರಭೇದದ ಪಾಲನ್ನು ವರ್ಗ ಮಾಡಿ, ಕೂಡಿಸಿ, 1ರಿಂದ ಕಳೆದರೆ ಮೊದಲನೆಯದಕ್ಕೆ 0.75, ಎರಡನೆಯದಕ್ಕೆ ಸುಮಾರು 0.14. ಕಣ್ಣುಮುಚ್ಚಿ ಎರಡು ಸಲ ಮರ ಮುಟ್ಟಿದರೆ ಎರಡೂ ಸಲ ಸಿಕ್ಕದ್ದು ಬೇರೆ ಪ್ರಭೇದವಾಗಿರುವ ಸಾಧ್ಯತೆ ಇದು ಎಂದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. ಆಮೇಲೆ ಎರಡು ಕಾಡಿಗೂ ಸಾಮಾನ್ಯವಾದ ಪ್ರಭೇದಗಳ ಲೆಕ್ಕ: ಅವುಗಳ ಸಂಖ್ಯೆಯ ಎರಡರಷ್ಟನ್ನು ಎರಡೂ ಪಟ್ಟಿಗಳ ಮೊತ್ತದಿಂದ ಭಾಗಿಸುವ ಸೊರೆನ್ಸನ್ ಸೂಚ್ಯಂಕ. 20 ಮತ್ತು 20 ಪ್ರಭೇದದ ಎರಡು ಕಾಡಿನಲ್ಲಿ 4 ಮಾತ್ರ ಸಾಮಾನ್ಯವಾದರೆ 0.2. ಸಂಖ್ಯೆ ಸಮವಿದ್ದರೂ ಅಲ್ಲಿ ವಾಸಿಸುವವರು ಬೇರೆಯೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು ಸರಳ ನಕ್ಷೆ. ಪ್ರತಿ ಚೌಕ ಮುಗಿದಂತೆ ಒಟ್ಟು ಪ್ರಭೇದ ಎಷ್ಟಾಯಿತೆಂದು ಚುಕ್ಕಿ ಇಡುತ್ತ ಹೋಗುವುದು. ಮರ, ಪೊದೆ, ಸಸಿ, ತರಗೆಲೆಯ ಜೀವಿ ಎಲ್ಲ ಸೇರಿಸಿದ ನಗರದ ಗೆರೆ ಕೊನೆಯ ಚೌಕಗಳಲ್ಲಿ ಮಲಗಿಕೊಂಡಿತು. ಕಾಡಿನದು ಕೊನೆಯ ಚೌಕದಲ್ಲೂ ಏರುತ್ತಲೇ ಇತ್ತು. ಅಂದರೆ ಅಲ್ಲಿ ನಮ್ಮ ಎಣಿಕೆ ಮುಗಿದೇ ಇಲ್ಲ.

ಇಷ್ಟಾದ ಮೇಲೆ ಕೆಲವು ಮಕ್ಕಳು ನಗರದ ಕಾಡನ್ನು ಸುಳ್ಳು ಕಾಡು ಎನ್ನತೊಡಗಿದರು. ನನಗೆ ನೋವಾಯಿತು. ಅಲ್ಲಿನ ಹಳೆಯ ಮರವೊಂದರ ಪೊಟರೆಯಲ್ಲಿ ಗೂಬೆಯ ಸಂಸಾರವಿದೆ, ದಿನವೂ ಮಕ್ಕಳು ಕಾಲ್ನಡಿಗೆಯಲ್ಲಿ ತಲುಪಬಲ್ಲ ಕಾಡೂ ಅದೊಂದೇ. ಆ ಸೊನ್ನೆ ಬರೆದ ಗುಂಪೇ ಉಸ್ತುವಾರಿಯವರಿಗೆ ಪತ್ರ ಬರೆಯಿತು: ಒಂದು ಮೂಲೆಯನ್ನು ಗುಡಿಸದೆ ಬಿಡಿ, ಬಿದ್ದ ಕೊಂಬೆಗಳೂ ಅಲ್ಲೇ ಕೊಳೆಯಲಿ. ಅವರು ಒಪ್ಪಿದರು. ಆ ಮೂಲೆಯಲ್ಲಿ 5 ಚೌಕ, ಪಕ್ಕದ ಗುಡಿಸುವ ಜಾಗದಲ್ಲಿ 5 ಚೌಕ ಗುರುತು ಹಾಕಿದ್ದೇವೆ. ಈ ವರ್ಷದ ಮಕ್ಕಳು ಮೊದಲ ಚೀಲಗಳನ್ನು ತಂದು ಬಲ್ಬಿನ ಕೆಳಗಿಟ್ಟಿದ್ದಾರೆ.