ಲಾರಿಯ ಹೀಟರಿನಿಂದ ಬಿಸಿಗಾಳಿ ಬಾರದಿದ್ದರೆ

ಚಳಿಗಾಲದಲ್ಲಿ ಸರಕು ಹೊತ್ತು ಕಾಶ್ಮೀರದ ಕಡೆಗೆ ಹೊರಟ ಲಾರಿಯಲ್ಲಿ ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ತಣ್ಣನೆಯ ಗಾಳಿಯೇ ಬರುತ್ತಿದ್ದರೆ, ದೋಷವನ್ನು ಮೊದಲು ಎಂಜಿನ್ನಿನ ಬಿಸಿ ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಹೀಟರ್ ಕೋರನ್ನು (ಆ ಬಿಸಿಯನ್ನು ಗಾಳಿಗೆ ಕೊಡುವ ಪುಟ್ಟ ರೇಡಿಯೇಟರನ್ನು) ತಲುಪುವ ದಾರಿಯಲ್ಲಿ ಹುಡುಕಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್ ಮಟ್ಟವನ್ನು ನೋಡಿ; ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮೀತು. ಮಟ್ಟ ಇಳಿದಿದ್ದರೆ ಸೋರಿಕೆಯನ್ನು ಸರಿಪಡಿಸಿ, ಕೂಲೆಂಟ್ ತುಂಬಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡಬೇಕು.

ಅರ್ಧ ಗಂಟೆ ಓಡಿದ ಮೇಲೂ ಮೀಟರಿನ ಮುಳ್ಳು 80 ಡಿಗ್ರಿಯ ಹತ್ತಿರಕ್ಕೆ ಏರದಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ತೆರೆದ ಸ್ಥಿತಿಯಲ್ಲೇ ನಿಂತಿರಬಹುದು, ಅಥವಾ ಬಿಸಿಲೂರಿನ ಯಾವನೋ ಮೆಕ್ಯಾನಿಕ್ ಅದನ್ನು ಹಿಂದೆಯೇ ಕಿತ್ತುಹಾಕಿರಬಹುದು. ಈ ಅಭ್ಯಾಸ ನಮ್ಮಲ್ಲಿ ಅಪರೂಪವೇನಲ್ಲ.

ಮುಳ್ಳು ಸರಿಯಾಗಿದ್ದರೆ, ಹೀಟರ್ ಚಾಲೂ ಇಟ್ಟು ಓಡಿಸಿದ ಬಳಿಕ ಎಂಜಿನ್ ನಿಲ್ಲಿಸಿ, ಹೀಟರಿಗೆ ಹೋಗುವ ಎರಡು ಹೋಸ್ ಪೈಪುಗಳನ್ನು ದಪ್ಪ ಬಟ್ಟೆಯ ಮೇಲಿಂದ ಎಚ್ಚರಿಕೆಯಿಂದ ಮುಟ್ಟಿ ನೋಡಿ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ, ಹೀಟರ್ ವಾಲ್ವ್ ಮುಚ್ಚಿರಬಹುದು, ಇಲ್ಲವೇ ಕೋರಿನೊಳಗೆ ಕಸ ಕಟ್ಟಿರಬಹುದು. ವರ್ಷಗಟ್ಟಲೆ ಬರೀ ಬೋರ್‌ವೆಲ್ ನೀರು ಹಾಕಿದ ಲಾರಿಯಾದರೆ, ಕೋರನ್ನು ತೊಳೆಯುವಾಗ ತುಕ್ಕುಬಣ್ಣದ ಕೆಸರು ಹೊರಬರುವುದುಂಟು. ಎರಡೂ ಸಮನಾಗಿ ಬಿಸಿಯಿದ್ದರೆ, ಗಾಳಿಯನ್ನು ಕೋರಿನತ್ತ ತಿರುಗಿಸುವ ಒಳಕದದ ಕೇಬಲ್ ಕಳಚಿದೆಯೇ ಎಂದು ಪರೀಕ್ಷಿಸಿರಿ.