ಹೂಂ ಅಂದರೆ ಅರ್ಥವಾಯಿತು ಅಂತಲ್ಲ

ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ, ದ್ರಾಕ್ಷಿ ತೋಟಗಳಲ್ಲಿ ಸುರಕ್ಷತಾ ತರಬೇತಿ ಎಂದರೆ ಬಹುಪಾಲು ಸ್ಪ್ಯಾನಿಷ್‌ನಲ್ಲೊಂದು ಹಾಳೆ, ಕೆಳಗೊಂದು ಸಹಿ. ಮೆಕ್ಸಿಕೊದ ಓಹಾಕಾ ಕಡೆಯಿಂದ ಬಂದ ಅನೇಕ ಕೂಲಿಗಳ ಮನೆಮಾತು ಮಿಷ್ಟೆಕೊ ಅಥವಾ ತ್ರಿಕಿ. ಈ ಮಾತುಗಳಲ್ಲಿ ಓದುವ ರೂಢಿ ಕಡಿಮೆ, ಅಚ್ಚು ಹಾಕಿಸಿಯೂ ಉಪಯೋಗವಿಲ್ಲ. ಹಾಗಾಗಿ ತರಬೇತಿ ಕೊಡುವ ನಾವು ಹಾಳೆ ಬಿಟ್ಟೆವು. ಕೆಲಸ ಶುರುವಾಗುವ ಮುಂಚೆ ಹತ್ತು ನಿಮಿಷ ತರಬೇತಿ, ಅವರದೇ ಮಾತು ಬಲ್ಲವರಿಂದ, ಗಿಡಗಳ ಸಾಲಿನ ಪಕ್ಕದಲ್ಲೇ. "ಅರ್ಥ ಆಯ್ತಾ?" ಅಂತ ಕೇಳುವುದಿಲ್ಲ; ಮೇಸ್ತ್ರಿ ನಿಂತಿದ್ದರೆ ಎಲ್ಲರೂ ಹೂಂ ಅನ್ನುತ್ತಾರೆ. "ಪಕ್ಕದವನು ಕುಸಿದರೆ ಏನ್ ಮಾಡ್ತೀರಿ, ಮಾಡಿ ತೋರಿಸಿ" ಅನ್ನುತ್ತೇವೆ.

ಇಲ್ಲಿ ಬಿಸಿಲಿನ ನಿಯಮ 2005ರಿಂದಲೇ ಇದೆ. ಈಗ ಅದರ ಪ್ರಕಾರ ತಲೆಗೆ ಗಂಟೆಗೊಂದು ಕ್ವಾರ್ಟ್, ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು, 80 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನೆರಳು. ಆದರೆ ನೀರಿನ ಡ್ರಮ್ಮು ಹೊಲದ ಆ ತುದಿಯಲ್ಲಿದ್ದರೆ, ಬುಟ್ಟಿ ಲೆಕ್ಕದಲ್ಲಿ ಕೂಲಿ ಪಡೆಯುವವರು ಅಲ್ಲಿಗೆ ಹೋಗುವುದಿಲ್ಲ. ಶೌಚಾಲಯ ದೂರವಿದ್ದರೆ ಹೆಂಗಸರು ಬೇಕೆಂದೇ ನೀರು ಕುಡಿಯುವುದಿಲ್ಲ. ಡ್ರಮ್ಮನ್ನು ಗಾಡಿಗೆ ಹಾಕಿ ಸಾಲಿನ ಜೊತೆಗೇ ಸರಿಸಬೇಕು. 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿಲಿ. ಗಂಟೆಗೆ ಒಂದೂವರೆ ಕ್ವಾರ್ಟ್ ಮೀರಬಾರದು, ರಕ್ತದ ಸೋಡಿಯಂ ಇಳಿದುಹೋಗುತ್ತದೆ. ಇದಕ್ಕೂ ಮೊದಲು ಹೇಳಬೇಕಾದ್ದು ದುಡ್ಡಿನ ಮಾತು: ಬುಟ್ಟಿ ಲೆಕ್ಕದವರಿಗೂ ವಿರಾಮದ ಹೊತ್ತಿನ ಕೂಲಿಯನ್ನು ಬೇರೆಯಾಗಿ ಕೊಡಬೇಕೆಂದು 2016ರಿಂದ ರಾಜ್ಯದ ಕಾನೂನಿದೆ. ಇದು ಗೊತ್ತಾಗದೆ ಯಾರೂ ನೆರಳಿಗೆ ಬರುವುದಿಲ್ಲ.

ಹೊಸಬರದ್ದೇ ದೊಡ್ಡ ಚಿಂತೆ. ಮೊದಲ ದಿನ ಬಿಸಿಲಿನಲ್ಲಿ ಪೂರ್ತಿ ಹೊತ್ತಿನ 20%, ಆಮೇಲೆ ದಿನಕ್ಕೆ 20% ಏರಿಕೆ. ಬುಟ್ಟಿ ಲೆಕ್ಕದಲ್ಲಿ ಇದು ನಡೆಯುವುದೇ ಇಲ್ಲ, ಹಳಬರ ಜೊತೆ ಓಡಲು ಹೋಗುತ್ತಾರೆ. ಆ ವಾರ ಅವರಿಗೆ ಗಂಟೆ ಲೆಕ್ಕದ ಕೂಲಿ ಹಾಕಿಸುತ್ತೇವೆ.

ಎಡವುವುದು ಹೆಚ್ಚಾಗಿ ಇಲ್ಲಿ: ಬೆವರು, ತಲೆನೋವು, ವಾಂತಿ ಬಿಸಿಲಿಗೂ ಬರುತ್ತವೆ, ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕ ಔಷಧಿಗೂ ಬರುತ್ತವೆ. ಜೊತೆಗೆ ಜೊಲ್ಲು, ಕಣ್ಣೀರು ಸುರಿದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಔಷಧಿಯ ಅನುಮಾನ ಪಡಬೇಕು. ಇದನ್ನು ಕಲಿಸಲು ಎರಡು ಕಣ್ಣಿನ ಚಿತ್ರ ಸಾಕು. ಗೊತ್ತಾಗದಿದ್ದರೆ ಎರಡಕ್ಕೂ ಸೇರಿಸಿ ಮಾಡಿ: ಬಟ್ಟೆ ಬಿಚ್ಚಿ ಮೈಗೆ ನೀರು ಹುಯ್ಯಿರಿ, ನೆರವಾಗುವವರು ಕೈಗವಸು ಹಾಕಿಕೊಳ್ಳಿ, ಔಷಧಿಯ ಲೇಬಲ್ಲನ್ನು ಆಸ್ಪತ್ರೆಗೆ ಕಳಿಸಿ. ಮಾತು ತೊದಲಿ ಎಲ್ಲಿದ್ದೇನೆಂಬುದೇ ತಿಳಿಯದಂತಾದರೆ ಅದು ಬಿಸಿಲಾಘಾತ; ತಕ್ಷಣ ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಮೈ ತಂಪು ಮಾಡುತ್ತಲೇ ಇರಬೇಕು.

ಹೊಲಕ್ಕೆ ಬಾಗಿಲ ನಂಬರ್ ಇರುವುದಿಲ್ಲ. ಹತ್ತಿರದ ಎರಡು ರಸ್ತೆಗಳ ಹೆಸರು, ಗೇಟು ಯಾವ ಕಡೆ, ಜಿಪಿಎಸ್ ಅಂಕಿ, ಇಷ್ಟನ್ನು ಬರೆದು ನೀರಿನ ಗಾಡಿಗೆ ಅಂಟಿಸುತ್ತೇವೆ. ಹೊಲ ಬದಲಾದ ದಿನ ಚೀಟಿಯನ್ನೂ ಬದಲಾಯಿಸಬೇಕು. ಹಳೆಯ ಚೀಟಿ ಇದ್ದರೆ ಆಂಬುಲೆನ್ಸ್ ನಿನ್ನೆಯ ಹೊಲಕ್ಕೆ ಹೋಗುತ್ತದೆ.