ಯಾವ ವಯಸ್ಸಿಗೆ ಯಾವ ಸಕ್ಕರೆ ಕಾಯಿಲೆ, ಏನು ನೋಡಬೇಕು

ಮೂಡಿಗೆರೆ ಕಡೆಯ ತೋಟದ ಲೈನ್‌ಮನೆಗಳಿಗೆ ಹೋಗುವ ಆಶಾ ಕಾರ್ಯಕರ್ತೆ ನಾನು. ಸಕ್ಕರೆ ಕಾಯಿಲೆಯವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯದು ಟೈಪ್ 2, ಅಂದರೆ ಸಕ್ಕರೆ ಇಳಿಸುವ ಇನ್ಸುಲಿನ್ ದೇಹದಲ್ಲಿ ಸರಿಯಾಗಿ ಕೆಲಸ ಮಾಡದ ಬಗೆ. 30 ದಾಟಿದವರು ಏನೂ ತೊಂದರೆ ಇಲ್ಲದಿದ್ದರೂ ರಕ್ತ ಪರೀಕ್ಷೆ ಮಾಡಿಸಿ. 8 ಗಂಟೆ ಖಾಲಿ ಹೊಟ್ಟೆ, ಬೆಳಗಿನ ಕಾಫಿಯೂ ಬೇಡ. ರಕ್ತದ ಸಕ್ಕರೆ 126 mg/dL ಅಥವಾ ಮೇಲೆ ಬಂದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳಿ. ಬಸುರಿಯರು 24ರಿಂದ 28ನೇ ವಾರದ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ.

ನನಗೆ ಹೆಚ್ಚು ಆತಂಕ ಮಕ್ಕಳದ್ದು. ಅವರಲ್ಲಿ ಹೆಚ್ಚಾಗಿ ಕಾಣುವುದು ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಲ್ಲುವ ಬಗೆ; ದೊಡ್ಡವರಿಗೂ ಬರಬಹುದು. ಅಪರೂಪ, ಆದರೆ ಕೆಲವೇ ವಾರಗಳಲ್ಲಿ ಬಿಗಡಾಯಿಸುತ್ತದೆ. ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ಚೆಂಬುಗಟ್ಟಲೆ ನೀರು ಕುಡಿದೂ ಸೊರಗುತ್ತಿದ್ದರೆ, ದೃಷ್ಟಿ ತೆಗೆಯುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೈಪ್ 1ಕ್ಕೆ ಇನ್ಸುಲಿನ್ನೇ ಬೇಕು, ಕಷಾಯ ಸಾಲದು. ವಾಂತಿ, ಏದುಸಿರು ಕಂಡರೆ ಕೂಡಲೇ 108ಕ್ಕೆ ಫೋನ್ ಮಾಡಿ.